ಪಾತ್ರಾಪಾತ್ರದ ಪ್ರಶ್ನೆ: ಜೇನೆಟ್ ಲೇಸಿಯವರ ಪರಿಹಾರಕಾರ್ಯ

ದಾನವನ್ನು ಕುರಿತು ವಿಚಾರಮಾಡಿದ ನಮ್ಮ ಪ್ರಾಚೀನರು ದೇಶ, ಕಾಲ, ಪಾತ್ರ ಎಂಬ ಮೂರು ಅಂಶಗಳನ್ನು ಮುಂದಿಟ್ಟರು. ಎಲ್ಲಿ ಕೊಡಬೇಕು, ಯಾವಾಗ ಕೊಡಬೇಕು, ಯಾರಿಗೆ ಕೊಡಬೇಕು ಎಂಬ ಈ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಅತ್ಯಂತ ಕಠಿಣವಾದುದು. ಇಪ್ಪತ್ತನೆಯ ಶತಮಾನದ ಅಂತರರಾಷ್ಟ್ರೀಯ ಪರಿಹಾರಕಾರ್ಯದ ಚರಿತ್ರೆಯನ್ನು ಸಾಮಾನ್ಯವಾಗಿ ಕಳುಹಿಸಿದ ಧಾನ್ಯ, ಕಂಬಳಿ, ಔಷಧಗಳ ಲೆಕ್ಕವಾಗಿ ಬರೆಯುವುದುಂಟು. ಆ ಲೆಕ್ಕ ಅವಶ್ಯಕವೇ ಸರಿ. ಆದರೆ ನೆರವಿಗೆ ಪಾತ್ರನೆಂದು ಯಾರನ್ನು ಎಣಿಸಲಾಯಿತು, ಆ ಎಣಿಕೆ ಹೇಗೆ ಬದಲಾಯಿತು ಎಂಬುದನ್ನು ವಿಚಾರಿಸದಿದ್ದರೆ ಚರಿತ್ರೆ ಅಪೂರ್ಣವಾಗುತ್ತದೆ. ಬ್ರಿಟನ್ನಿನ ಚರ್ಚುಗಳ ಪರಿಹಾರ ಸಂಸ್ಥೆಯನ್ನು 1952ರಿಂದ 1968ರವರೆಗೆ ನಡೆಸಿದ ಜೇನೆಟ್ ಲೇಸಿಯವರ ಕಾರ್ಯಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ಸಂಸ್ಥೆಯ ಹಿನ್ನೆಲೆಯನ್ನು ನೋಡೋಣ. ಪ್ರಾಟೆಸ್ಟೆಂಟ್ ಪಂಗಡಗಳು ಒಟ್ಟುಗೂಡಿ ಬ್ರಿಟಿಷ್ ಚರ್ಚುಗಳ ಪರಿಷತ್ತನ್ನು ಸ್ಥಾಪಿಸಿದುದು 1942ರಲ್ಲಿ, ಯುದ್ಧದ ನಡುವೆ. 1945ರಲ್ಲಿ ಯುದ್ಧ ಮುಗಿದಾಗ ಯೂರೋಪಿನ ನೆರವಿಗಾಗಿ ‘ಯೂರೋಪಿನಲ್ಲಿ ಕ್ರೈಸ್ತ ಪುನರ್ನಿರ್ಮಾಣ’ ಎಂಬ ಹೆಸರಿನ ಸಂಘಟನೆಯೊಂದು ಹುಟ್ಟಿತು. ಮುಂದೆ ಅದು ಪರಿಷತ್ತಿನ ಒಂದು ಇಲಾಖೆಯಾಗಿ ‘ಅಂತರ್‌ಚರ್ಚ್ ನೆರವು’ ಎಂಬ ಹೆಸರನ್ನು ಪಡೆಯಿತು. 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 147 ಚರ್ಚುಗಳು ಸೇರಿ ವಿಶ್ವ ಚರ್ಚುಗಳ ಪರಿಷತ್ತನ್ನು ಸ್ಥಾಪಿಸಿದಾಗ ಈ ಕಾರ್ಯಕ್ಕೆ ಅಂತರರಾಷ್ಟ್ರೀಯ ಆಧಾರವೂ ದೊರೆಯಿತು. ಆ ಹೆಸರಿನಲ್ಲಿಯೇ ಮೂಲ ಕಲ್ಪನೆ ಅಡಗಿದೆ: ಒಂದು ಚರ್ಚು ಮತ್ತೊಂದು ಚರ್ಚಿಗೆ ನೀಡುವ ನೆರವು. ಮನೆ ಸುಟ್ಟ ದಾಯಾದಿಗೆ ಮನೆತನದವರು ಮೊದಲು ಕೈನೀಡುವಂತೆ ಇದೂ ಸಹಜವಾದ ಧರ್ಮವೇ. ಆದರೆ ಅದರ ಎಲ್ಲೆ ಬಂಧುತ್ವದ ಎಲ್ಲೆ.

ಈ ಎಲ್ಲೆಯನ್ನು ದಾಟಿಸಿದ ಲೇಸಿಯವರು ಧರ್ಮಶಾಸ್ತ್ರಜ್ಞರಾಗಿರಲಿಲ್ಲ. ಪಾದ್ರಿಯ ದೀಕ್ಷೆ ಪಡೆದವರೂ ಅಲ್ಲ. 1903ರಲ್ಲಿ ಇಂಗ್ಲೆಂಡಿನ ಈಶಾನ್ಯದ ಸಂಡರ್‌ಲೆಂಡ್ ಪಟ್ಟಣದಲ್ಲಿ ಜನಿಸಿದ ಅವರು ತಾರುಣ್ಯದಲ್ಲಿಯೇ ಕ್ರೈಸ್ತ ಯುವತಿಯರ ಸಂಘದ ಕೆಲಸಕ್ಕೆ ಸೇರಿದರು. 1930ರ ದಶಕದಲ್ಲಿ ಲಂಡನ್ನಿನ ಪೂರ್ವಕ್ಕಿರುವ ಡ್ಯಾಗನ್‌ಹ್ಯಾಮಿನ ಕಾರ್ಮಿಕ ಬಡಾವಣೆಯಲ್ಲಿ ದುಡಿದರು. ಯುದ್ಧ ಮುಗಿದ ಬಳಿಕ ಜರ್ಮನಿಯಲ್ಲಿದ್ದ ಬ್ರಿಟಿಷ್ ಸೈನ್ಯದ ನಡುವೆ ಶಿಕ್ಷಣಕಾರ್ಯಕ್ಕಾಗಿ ಹೋದರು. ಅಲ್ಲಿ ಅವರು ಕಂಡದ್ದು ನೆಲಸಮವಾದ ನಗರಗಳನ್ನು, ನೆಲೆ ಕಳೆದುಕೊಂಡು ಅಲೆಯುತ್ತಿದ್ದ ಅಸಂಖ್ಯ ಜನರನ್ನು. 1947ರಲ್ಲಿ ಬ್ರಿಟಿಷ್ ಚರ್ಚುಗಳ ಪರಿಷತ್ತಿನ ಯುವಜನ ವಿಭಾಗಕ್ಕೆ ಬಂದರು. 1952ರಲ್ಲಿ ನೆರವಿನ ಇಲಾಖೆಯ ಹೊಣೆಯನ್ನು ವಹಿಸಿಕೊಂಡರು. ಸಿದ್ಧಾಂತದಿಂದ ಕಾರ್ಯಕ್ಕೆ ಬರುವವರು ಕೆಲವರು. ಲೇಸಿಯವರು ಕಾರ್ಯದಿಂದ ಸಿದ್ಧಾಂತಕ್ಕೆ ಬಂದವರು.

ಅವರು ಅಧಿಕಾರಕ್ಕೆ ಬರುವ ವೇಳೆಗೆ ಸಂಕಟದ ಭೂಪಟವೇ ಬದಲಾಗಿತ್ತು. 1948ರ ಯುದ್ಧದಿಂದ ನಿರಾಶ್ರಿತರಾದ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರಲ್ಲಿ ಬಹುಸಂಖ್ಯಾತರು ಮುಸಲ್ಮಾನರು. ಕೊರಿಯದ ಯುದ್ಧ (1950–53) ಹೊಸ ನಿರಾಶ್ರಿತ ಸಮೂಹಗಳನ್ನು ಸೃಷ್ಟಿಸಿತು. 1956ರ ಹಂಗೆರಿಯ ದಂಗೆಯ ತರುವಾಯ ಸುಮಾರು 2 ಲಕ್ಷ ಜನ ಗಡಿ ದಾಟಿದರು. ಚರ್ಚಿನ ಬಂಧುತ್ವವೆಂಬ ಅಳತೆಗೋಲು ಈ ಜನಸಾಗರದ ಮುಂದೆ ನಿರುಪಯುಕ್ತವಾಯಿತು. ಲೇಸಿಯವರ ಹೆಸರಿನೊಡನೆ ಸೇರಿಕೊಂಡಿರುವ ‘ಮತವಲ್ಲ, ಅಗತ್ಯ’ ಎಂಬ ಘೋಷವಾಕ್ಯ ಈ ಪರಿಸ್ಥಿತಿಯ ಫಲ. ನೆರವಿಗೆ ಅರ್ಹತೆಯನ್ನು ತರುವುದು ಪಡೆಯುವವನ ನಂಬಿಕೆಯಲ್ಲ, ಅವನ ಹಸಿವು ಎಂಬುದು ಅದರ ತಾತ್ಪರ್ಯ.

ಘೋಷವಾಕ್ಯಗಳನ್ನು ರಚಿಸುವುದು ಸುಲಭ. ಅವುಗಳಿಗೆ ಬೇರು ಬಿಡಿಸುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಈ ವಾಕ್ಯಕ್ಕೆ ಬೇರು ದೊರೆತದ್ದು 1957ರಲ್ಲಿ. ಆ ವರ್ಷ ಲೇಸಿಯವರ ನೇತೃತ್ವದಲ್ಲಿ ಮೊದಲ ‘ಕ್ರಿಶ್ಚಿಯನ್ ಏಡ್ ಸಪ್ತಾಹ’ ನಡೆಯಿತು. ಸುಮಾರು 200 ಊರುಗಳಲ್ಲಿ ಸ್ವಯಂಸೇವಕರು ಹಣ ಸಂಗ್ರಹಿಸಿದರು. ಕೂಡಿದ ಮೊತ್ತ 26,000 ಪೌಂಡು. ಮೊತ್ತ ದೊಡ್ಡದಲ್ಲ. ಆದರೆ ವಂತಿಗೆಯ ಮಾರ್ಗ ಬದಲಾಯಿತೆಂಬುದನ್ನು ಗಮನಿಸಬೇಕು. ಅದುವರೆಗೆ ಆರಾಧನೆಗೆ ಬಂದವರ ಮುಂದೆ ಹಿಡಿಯುತ್ತಿದ್ದ ತಟ್ಟೆ ಈಗ ಬೀದಿಗೆ ಬಂತು. ಲಕೋಟೆ ಮನೆಮನೆಯ ಬಾಗಿಲನ್ನು ತಲುಪುವ ಪದ್ಧತಿ ಬೆಳೆಯಿತು. ಬಾಗಿಲು ತಟ್ಟುವವನು ಒಳಗಿರುವವರು ಚರ್ಚಿಗೆ ಹೋಗುವರೇ ಎಂದು ಕೇಳುವುದಿಲ್ಲ. ಕೊಡುವವನ ಮತವನ್ನು ಕೇಳದೆ ಪಡೆದ ಹಣವನ್ನು, ಪಡೆಯುವವನ ಮತವನ್ನು ಕೇಳಿ ಹಂಚುವುದು ನ್ಯಾಯವೂ ಅಲ್ಲ, ಬಹುಕಾಲ ಸಾಧ್ಯವೂ ಅಲ್ಲ. ಹೀಗೆ ತತ್ತ್ವವನ್ನು ಸಂಗ್ರಹಣದ ವಿಧಾನವೇ ಭದ್ರಪಡಿಸಿತು.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತ್ತು. 1947ರ ದೇಶವಿಭಜನೆಯ ನಿರಾಶ್ರಿತರಿಗಾಗಿ ಭಾರತದ ರಾಷ್ಟ್ರೀಯ ಕ್ರೈಸ್ತ ಪರಿಷತ್ತು ಪರಿಹಾರ ಸಮಿತಿಯೊಂದನ್ನು ರಚಿಸಿತ್ತು. ಅದೇ ಮುಂದೆ ‘ಕಾಸಾ’ ಎಂಬ ಸಂಸ್ಥೆಯಾಗಿ ಬೆಳೆಯಿತು. ಇನ್ನೊಂದೆಡೆ, ಮಧ್ಯಪ್ರದೇಶ ಸರ್ಕಾರ 1954ರಲ್ಲಿ ನೇಮಿಸಿದ, ನಾಗಪುರ ಉಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಾಧೀಶ ಭವಾನಿಶಂಕರ ನಿಯೋಗಿಯವರ ಅಧ್ಯಕ್ಷತೆಯ ಸಮಿತಿ 1956ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಶಾಲೆ, ಆಸ್ಪತ್ರೆ, ಅನಾಥಾಲಯಗಳು ಮತಾಂತರದ ಸಾಧನಗಳಾಗಿವೆಯೆಂದು ಅದು ಆಕ್ಷೇಪಿಸಿತು. ಕ್ರೈಸ್ತ ಸಂಸ್ಥೆಗಳು ಆ ನಿರ್ಣಯವನ್ನು ತೀವ್ರವಾಗಿ ನಿರಾಕರಿಸಿದವು. ಆ ವಿವಾದವನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಲಂಡನ್ನಿನಲ್ಲಿ ಒಂದು ಸಂಸ್ಥೆಯ ಆಂತರಿಕ ನೀತಿಯಾಗಿ ಕಂಡದ್ದು, ನೆರವು ಪಡೆಯುವ ದೇಶದಲ್ಲಿ ರಾಜ್ಯನೀತಿಯ ಪ್ರಶ್ನೆಯಾಗಿತ್ತು ಎಂಬುದಷ್ಟನ್ನೇ ಸೂಚಿಸುತ್ತೇವೆ. ‘ಮತವಲ್ಲ, ಅಗತ್ಯ’ ಎಂಬ ತತ್ತ್ವ ಎಷ್ಟೇ ಪ್ರಾಮಾಣಿಕವಾಗಿದ್ದರೂ, ನೆರವು ಸ್ಥಳೀಯ ಚರ್ಚಿನ ಕೈಯಿಂದಲೇ ಹಂಚಿಕೆಯಾಗುವಲ್ಲಿ, ಪಡೆಯುವವನು ಕಾಣುವುದು ತತ್ತ್ವವನ್ನಲ್ಲ, ಆ ಕೈಯನ್ನು. ಈ ತೊಡಕನ್ನು ಲೇಸಿಯವರ ಸೂತ್ರ ಸಂಪೂರ್ಣವಾಗಿ ಬಿಡಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಆದರೂ ಸೂತ್ರ ಅಲ್ಲಿಗೇ ನಿಲ್ಲಲಿಲ್ಲ. ಅಗತ್ಯವನ್ನೇ ಅಳತೆಯಾಗಿ ಸ್ವೀಕರಿಸಿದ ಮೇಲೆ ಅಗತ್ಯದ ಕಾರಣವನ್ನು ವಿಚಾರಿಸದೆ ವಿಧಿಯಿಲ್ಲ. 1958ರಲ್ಲಿ ಅಲೆಕ್ ಡಿಕ್ಸನ್ ದಂಪತಿಗಳು ಸಾಗರೋತ್ತರ ಸ್ವಯಂಸೇವಾ ಯೋಜನೆಯನ್ನು ಆರಂಭಿಸಿದಾಗ ಲೇಸಿಯವರ ಇಲಾಖೆ ಅದಕ್ಕೆ ಬೆಂಬಲ ನೀಡಿತು. 1959–60ರ ವಿಶ್ವ ನಿರಾಶ್ರಿತರ ವರ್ಷದಲ್ಲಿಯೂ ಅದು ಭಾಗವಹಿಸಿತು. 1960ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ವ್ಯವಸಾಯ ಸಂಸ್ಥೆ ‘ಹಸಿವಿನಿಂದ ಮುಕ್ತಿ’ ಆಂದೋಲನವನ್ನು ಆರಂಭಿಸಿತು. ಅದರ ಮಹಾನಿರ್ದೇಶಕರಾಗಿದ್ದ ಬಿನಯ ರಂಜನ ಸೇನರು 1942–43ರಲ್ಲಿ ಬಂಗಾಳದ ಪರಿಹಾರ ಆಯುಕ್ತರಾಗಿದ್ದು ಕ್ಷಾಮದ ಭೀಕರತೆಯನ್ನು ಕಣ್ಣಾರೆ ಕಂಡವರು. ಹಸಿದವನಿಗೆ ಅನ್ನ ನೀಡುವುದರ ಜೊತೆಗೆ ಬಾವಿ, ಬೀಜ, ನೇಗಿಲುಗಳನ್ನು ಒದಗಿಸಬೇಕೆಂಬ ಅವರ ಆಂದೋಲನದ ನಿಲುವನ್ನು ಚರ್ಚುಗಳ ಸಂಸ್ಥೆಗಳೂ ಅಂಗೀಕರಿಸಿದವು. ತುರ್ತು ಪರಿಹಾರದಿಂದ ಅಭಿವೃದ್ಧಿಯ ಕಡೆಗೆ ಸಾಗಿದ ಹೆಜ್ಜೆ ಇದು.

1964ರಲ್ಲಿ ಇಲಾಖೆ ತನ್ನ ಹೆಸರನ್ನು ‘ಕ್ರಿಶ್ಚಿಯನ್ ಏಡ್’ ಎಂದು ಬದಲಾಯಿಸಿಕೊಂಡಿತು. ಪಡೆಯುವವನ ಮತವನ್ನು ಕೇಳುವುದನ್ನು ಬಿಟ್ಟ ಸಂಸ್ಥೆ ಮತದ ಹೆಸರನ್ನೇ ಧರಿಸಿದ್ದು ವಿರೋಧಾಭಾಸವಾಗಿ ಕಾಣಬಹುದು. ನಮಗೆ ಹಾಗೆ ತೋರುವುದಿಲ್ಲ. ಹಳೆಯ ಹೆಸರಿನಲ್ಲಿ ಚರ್ಚು ಕೊಡುವವನೂ ಆಗಿತ್ತು, ಪಡೆಯುವವನೂ ಆಗಿತ್ತು. ಹೊಸ ಹೆಸರಿನಲ್ಲಿ ಮತ ಕೊಡುವವನ ಪ್ರೇರಣೆಯಾಗಿ ಮಾತ್ರ ಉಳಿಯಿತು.

ತತ್ತ್ವದ ಅತ್ಯಂತ ಕಠೋರ ಪರೀಕ್ಷೆ ಬಂದದ್ದು ಲೇಸಿಯವರು ನಿವೃತ್ತರಾದ 1968ರಲ್ಲಿ. ನೈಜೀರಿಯದ ಅಂತರ್ಯುದ್ಧದಲ್ಲಿ (1967–70) ದಿಗ್ಬಂಧನಕ್ಕೆ ಸಿಕ್ಕಿದ ಬಿಯಾಫ್ರದ ಮಕ್ಕಳಿಗಾಗಿ ಪ್ರಾಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಸಂಸ್ಥೆಗಳು ಕೂಡಿ ಸಾವೊ ತೋಮೆ ದ್ವೀಪದಿಂದ ಊಲಿಯ ವಿಮಾನದಾರಿಗೆ ರಾತ್ರಿಯ ಕತ್ತಲಲ್ಲಿ ಆಹಾರ ಸಾಗಿಸಿದವು. ಚರ್ಚುಗಳ ವಿಮಾನಗಳು 5,000ಕ್ಕೂ ಹೆಚ್ಚು ಬಾರಿ ಹಾರಿದವು. ಅಸಂಖ್ಯ ಜೀವಗಳು ಉಳಿದವು. ಆದರೆ ಬಿಯಾಫ್ರದ ಜನರಲ್ಲಿ ಬಹುಪಾಲು ಕ್ರೈಸ್ತರು. ಅಲ್ಲಿ ಮತವೂ ಅಗತ್ಯವೂ ಒಂದೇ ಕಡೆ ಸೇರಿದ್ದರಿಂದ ಚರ್ಚುಗಳನ್ನು ಪ್ರೇರಿಸಿದುದು ಯಾವುದೆಂಬ ಸಂದೇಹಕ್ಕೆ ಎಡೆಯಾಯಿತು. ಈ ನೆರವು ಯುದ್ಧವನ್ನು ದೀರ್ಘಗೊಳಿಸಿತೆಂದು ವಾದಿಸಿದ ವಿದ್ವಾಂಸರೂ ಉಂಟು. ಅಗತ್ಯವನ್ನು ಮಾತ್ರ ನೋಡುತ್ತೇವೆಂದವರೂ ಯುದ್ಧಭೂಮಿಯಲ್ಲಿ ರಾಜಕೀಯದಿಂದ ಹೊರಗುಳಿಯಲಾರರೆಂಬುದು ಅಲ್ಲಿ ಸ್ಪಷ್ಟವಾಯಿತು.

ಲೇಸಿಯವರು 1970ರಲ್ಲಿ ಸಂಸ್ಥೆಯ ಕಥೆಯನ್ನು ‘ಒಂದು ಲೋಟ ನೀರು’ ಎಂಬ ಅರ್ಥದ ಹೆಸರಿನ ಗ್ರಂಥವಾಗಿ ಪ್ರಕಟಿಸಿದರು, 1988ರಲ್ಲಿ ನಿಧನರಾದರು. 1994ರಲ್ಲಿ ರೆಡ್‌ಕ್ರಾಸ್ ಚಳವಳಿ ಮತ್ತು ಹಲವು ಪರಿಹಾರ ಸಂಸ್ಥೆಗಳು ಕೂಡಿ ರೂಪಿಸಿದ ನಡವಳಿಕೆಯ ಸಂಹಿತೆ, ಜನಾಂಗ, ಮತ, ರಾಷ್ಟ್ರೀಯತೆಗಳನ್ನು ಎಣಿಸದೆ ಅಗತ್ಯವನ್ನು ಮಾತ್ರ ಅನುಸರಿಸಿ ನೆರವು ನೀಡಬೇಕೆಂದು ವಿಧಿಸಿತು. ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಪ್ರಸಾರಕ್ಕೆ ಬಳಸಬಾರದೆಂದೂ ಹೇಳಿತು. ಅದನ್ನು ಪ್ರಾಯೋಜಿಸಿದವರಲ್ಲಿ ವಿಶ್ವ ಚರ್ಚುಗಳ ಪರಿಷತ್ತೂ ಒಂದು. ಸಂಹಿತೆ ಲೇಸಿಯವರೊಬ್ಬರಿಂದ ಬಂದುದಲ್ಲ. ಅನೇಕರ ಅನುಭವ ಅದರಲ್ಲಿ ಸೇರಿದೆ. ಆದರೆ ಚರ್ಚಿಗೆ ಚರ್ಚಿನ ನೆರವು ಎಂಬಲ್ಲಿಂದ ಈ ವಿಧಿಯವರೆಗಿನ ದಾರಿಯಲ್ಲಿ ಅವರ ಹದಿನಾರು ವರ್ಷಗಳ ಕಾರ್ಯ ಒಂದು ನಿರ್ಣಾಯಕ ಘಟ್ಟವೆಂಬುದು ನಿಸ್ಸಂಶಯ. ಪಾತ್ರನು ಯಾರೆಂಬ ಪ್ರಶ್ನೆಗೆ ಹಸಿದವನೇ ಪಾತ್ರನೆಂಬ ಉತ್ತರ ಆ ಅವಧಿಯಲ್ಲಿ ಗಟ್ಟಿಯಾಯಿತು. ಕೊಡುವ ಕೈ ಹೇಗಿರಬೇಕೆಂಬ ಎರಡನೆಯ ಪ್ರಶ್ನೆಯನ್ನು ಅದು ಮುಂದಿನವರಿಗೆ ಉಳಿಸಿಹೋಯಿತು.