ದಂಡು ಮತ್ತು ನಾಡು: ವೆಚ್ಚ, ದುಡಿಮೆ, ನೆಲ

ಸೈನ್ಯದ ಚರಿತ್ರೆಯೆಂದರೆ ಯುದ್ಧಗಳ ಚರಿತ್ರೆಯೆಂದೇ ನಮ್ಮಲ್ಲಿ ರೂಢಿಯಾಗಿ ಬಂದಿದೆ. ಪಾಳೆಯ ಬಿಟ್ಟ ಸ್ಥಳ, ಸೇನಾನಿಯ ಹೆಸರು, ಸೋಲುಗೆಲವು, ಕಡೆಗೆ ಒಪ್ಪಂದ, ಇಷ್ಟನ್ನು ಹೇಳಿ ಪಠ್ಯಗ್ರಂಥಗಳು ಮುಂದಿನ ಅಧ್ಯಾಯಕ್ಕೆ ಸಾಗುತ್ತವೆ. ಆದರೆ ಯಾವ ಸೈನ್ಯವಾದರೂ ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ಯುದ್ಧವಿಲ್ಲದ ದಿನಗಳಲ್ಲಿ. ಆ ದಿನಗಳಲ್ಲಿ ಅದು ಎಲ್ಲಿಯೋ ಒಂದೆಡೆ ವಾಸವಾಗಿರಬೇಕು. ಅದಕ್ಕೆ ಅನ್ನ, ನೀರು, ಬಟ್ಟೆ, ಮೇವು ಒದಗಬೇಕು. ಇವೆಲ್ಲಕ್ಕೂ ಯಾರಾದರೂ ಹಣ ತೆರಬೇಕು. ಸೈನ್ಯದ ವೆಚ್ಚವನ್ನು ಹೊತ್ತವರು ಯಾರು? ಅದರ ಆಶ್ರಯದಲ್ಲಿ ದುಡಿದು ಬದುಕಿದವರು ಯಾರು? ಅದಕ್ಕಾಗಿ ನೆಲ ಬಿಟ್ಟುಕೊಟ್ಟವರು ಯಾರು? ಈ ಮೂರು ಪ್ರಶ್ನೆಗಳನ್ನು ಬೆಂಗಳೂರಿನ ದಂಡನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಸ್ವತಂತ್ರ ಭಾರತದ ಸೇನೆಯವರೆಗೆ ಅನುಸರಿಸಿ ನೋಡುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ವೆಚ್ಚದ ವಿಚಾರ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಅದೇ ವರ್ಷದ ಒಪ್ಪಂದದಂತೆ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಿಂಹಾಸನ ದೊರೆಯಿತು. ಸಂಸ್ಥಾನದ ರಕ್ಷಣೆಗೆಂದು ಕುಂಪಣಿಯ ಸೈನ್ಯ ನೆಲೆ ನಿಂತಿತು. ಈ ಸೈನ್ಯಕ್ಕಾಗಿ ಮೈಸೂರು ವರ್ಷಕ್ಕೆ ೭ ಲಕ್ಷ ನಕ್ಷತ್ರವರಹ, ಎಂದರೆ ಸುಮಾರು ೨೪.೫ ಲಕ್ಷ ರೂಪಾಯಿ, ಪೊಗದಿಯಾಗಿ ತೆರಬೇಕಾಯಿತು. ಆಗ ಸಂಸ್ಥಾನದ ಪಾಲಿಗೆಂದು ಲೆಕ್ಕಹಾಕಿದ ಹುಟ್ಟುವಳಿ ಸುಮಾರು ೧೩.೭೪ ಲಕ್ಷ ಕಂಠೀರಾಯಿ ವರಹ. ಅಂದರೆ ಕಂದಾಯದ ಅರ್ಧಕ್ಕೂ ಹೆಚ್ಚು ಭಾಗ, ಸಂಸ್ಥಾನದ ಆಜ್ಞೆಗೆ ಒಳಪಡದ ಸೈನ್ಯವೊಂದಕ್ಕೆ ಸಲ್ಲುತ್ತಿತ್ತು. ಇದು ಸಾಲದೆಂಬಂತೆ ೧೮೦೭ರ ಪೂರಕ ಒಪ್ಪಂದದಿಂದ ೪೦೦೦ ಕುದುರೆ ಸವಾರರನ್ನು ಇಟ್ಟುಕೊಂಡಿರುವ ಹೊರೆಯೂ ಬಿದ್ದಿತು.

ಪೊಗದಿಗೆ ಹಣದ ಕೊರತೆಯಾಗಬಹುದೆಂಬ ಶಂಕೆ ಬಂದರೂ ಸಾಕು, ಆಡಳಿತವನ್ನು ಕುಂಪಣಿ ವಹಿಸಿಕೊಳ್ಳಬಹುದೆಂದು ಅದೇ ಒಪ್ಪಂದದಲ್ಲಿ ಹೇಳಿತ್ತು. ನಗರದ ರೈತರು ಕಂದಾಯದ ಹೊರೆ ತಾಳಲಾರದೆ ದಂಗೆಯೆದ್ದ ಮೇಲೆ, ೧೮೩೧ರಲ್ಲಿ ಬೆಂಟಿಂಕನು ಈ ಕಲಮನ್ನೇ ಆಧಾರ ಮಾಡಿಕೊಂಡು ಆಡಳಿತವನ್ನು ತೆಗೆದುಕೊಂಡನು. ದಂಗೆಗೆ ಪೊಗದಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಅಧಿಕಾರಿಗಳ ಸುಲಿಗೆ, ಆಸ್ಥಾನದ ದುಂದು, ಕಂದಾಯ ಪದ್ಧತಿಯ ದೋಷಗಳೂ ಅಲ್ಲಿದ್ದವು. ಆದರೂ ಉತ್ಪನ್ನದ ಅರ್ಧವನ್ನು ಮೊದಲೇ ತೆಗೆದಿಟ್ಟು ಉಳಿದುದರಲ್ಲಿ ರಾಜ್ಯವಾಳಬೇಕಾದ ಬೊಕ್ಕಸ ರೈತನ ಮೇಲೆ ದಯೆ ತೋರುವುದು ಸುಲಭವಾಗಿರಲಿಲ್ಲ. ೧೮೮೧ರಲ್ಲಿ ಸಂಸ್ಥಾನವನ್ನು ಹಿಂದಿರುಗಿಸಿದಾಗ ಪೊಗದಿಯನ್ನು ೩೫ ಲಕ್ಷ ರೂಪಾಯಿಗೆ ಏರಿಸಲಾಯಿತು. ೧೮೭೬-೭೮ರ ಮಹಾಕ್ಷಾಮದಿಂದ ಸೊರಗಿದ್ದ ನಾಡು ಅದನ್ನು ತೆರಲಾರದೆಂದು ಈ ಹೆಚ್ಚಳ ೧೮೯೬ರವರೆಗೆ ಮುಂದೆ ಬಿದ್ದಿತು.

ಇನ್ನು ನೆಲ ಮತ್ತು ದುಡಿಮೆ. ಶ್ರೀರಂಗಪಟ್ಟಣದ ಚಳಿಜ್ವರ ಸೈನಿಕರನ್ನು ಬಾಧಿಸಿದ್ದರಿಂದ ಕುಂಪಣಿಯವರು ಬೆಂಗಳೂರಿನ ತಂಪಾದ ಎತ್ತರದ ಭೂಮಿಯನ್ನು ಆರಿಸಿಕೊಂಡರು. ೧೮೦೯ರಲ್ಲಿ ಹಲಸೂರಿನ ಬಳಿ ದಂಡು ನೆಲೆಗೊಂಡಿತು. ಕೋಟೆ ಮತ್ತು ಪೇಟೆಗಳಿಂದ ದೂರವಾಗಿ, ವಿಶಾಲವಾದ ಕವಾಯತು ಮೈದಾನದ ಸುತ್ತ ಹೊಸದೊಂದು ಊರು ಎದ್ದಿತು. ೧೮೩೪ರಲ್ಲಿ ಮದರಾಸಿನ ಸ್ಯಾಪರ್ಸ್ ಪಡೆ ಇಲ್ಲಿಗೆ ಬಂದು ನೆಲಸಿತು. ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಈಗ ಕಾಮರಾಜರ ಹೆಸರನ್ನು ಪಡೆದಿರುವ ಕ್ಯಾವಲ್ರಿ ರಸ್ತೆ ಇವೆಲ್ಲ ಆ ಊರಿನ ಹುಟ್ಟನ್ನು ತಮ್ಮ ಹೆಸರಿನಲ್ಲೇ ಹೊತ್ತವು.

ದಂಡಿನಲ್ಲಿದ್ದವರೆಲ್ಲ ಸಿಪಾಯಿಗಳೆಂದು ಭಾವಿಸುವುದು ತಪ್ಪಾಗುತ್ತದೆ. ಅಡಿಗೆಯವರು, ಅಗಸರು, ದರ್ಜಿಗಳು, ಚಮ್ಮಾರರು, ಹುಲ್ಲು ಕೊಯ್ದು ತರುವವರು, ಕುದುರೆ ನೋಡಿಕೊಳ್ಳುವವರು, ನೀರು ಹೊರುವವರು, ಕಟ್ಟಡದ ಕೆಲಸದವರು, ದಿನಸಿ ಒದಗಿಸುವ ವ್ಯಾಪಾರಿಗಳು ಸೈನ್ಯದ ಬೆನ್ನ ಹಿಂದೆಯೇ ಬಂದರು. ಇವರಲ್ಲಿ ಬಹುಮಂದಿ ಮದರಾಸು ಪ್ರಾಂತದ ತಮಿಳು ಮತ್ತು ತೆಲುಗು ಸೀಮೆಯವರು. ದಂಡಿನ ಗುತ್ತಿಗೆ ಮತ್ತು ವ್ಯಾಪಾರಗಳಿಂದ ಕೆಲವರು ಸಂಪನ್ನರೂ ಆದರು. ಅಠಾರ ಕಚೇರಿಯ ಕಟ್ಟಡದ ಗುತ್ತಿಗೆ ಹಿಡಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ೧೮೭೩ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ ದಂಡಿನ ಬಡಮಕ್ಕಳಿಗೆ ಅಕ್ಷರ ಕಲಿಸಿತು. ಮದರಾಸಿನ ಕಡೆಯ ರೈಲುಮಾರ್ಗ ೧೮೬೪ರಲ್ಲಿ ಮೊದಲು ಮುಟ್ಟಿದ್ದೂ ದಂಡನ್ನೇ; ಪೇಟೆಯ ನಿಲ್ದಾಣ ಅನಂತರದ್ದು. ೧೯೦೧ರ ಜನಗಣತಿಯ ಅಂಕಿಗಳು ಈ ಬೆಳವಣಿಗೆಯನ್ನು ಸ್ಪಷ್ಟಪಡಿಸುತ್ತವೆ. ಆಗ ಬೆಂಗಳೂರು ನಗರದಲ್ಲಿ ೬೯,೪೪೭ ಜನರಿದ್ದರೆ, ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನಲ್ಲಿ ೮೯,೫೯೯ ಜನರಿದ್ದರು. ಕೆಂಪೇಗೌಡನು ಕಟ್ಟಿದ ಪೇಟೆಗಿಂತ ಸೈನ್ಯ ಕಟ್ಟಿದ ಊರೇ ದೊಡ್ಡದಾಗಿತ್ತು.

ಆದರೆ ಈ ದೊಡ್ಡ ಊರು ಮೈಸೂರಿನ ಅಧೀನದಲ್ಲಿರಲಿಲ್ಲ. ೧೮೮೧ರ ತರುವಾಯವೂ ಅಲ್ಲಿ ಆಡಳಿತ ನಡೆಸಿದವನು ಆಂಗ್ಲ ರೆಸಿಡೆಂಟನು. ೧೯೪೭ರಲ್ಲಿ ಆ ಪ್ರದೇಶ ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ನಗರಸಭೆಯಾದವು. ಬೆಂಗಳೂರಿನವರು ದಂಡು ಮತ್ತು ಸಿಟಿಯೆಂದು ಎರಡು ಊರುಗಳನ್ನು ಬೇರ್ಪಡಿಸಿ ಹೇಳುವ ಅಭ್ಯಾಸ ಈ ಇತಿಹಾಸದ ಫಲ.

ಸ್ವಾತಂತ್ರ್ಯ ಬಂದ ಮೇಲೆ ಸೈನ್ಯ ನಮ್ಮದಾಯಿತು. ೧೯೪೯ರ ಜನವರಿ ೧೫ರಂದು ಕೊಡಗಿನ ಕೆ. ಎಂ. ಕಾರ್ಯಪ್ಪನವರು ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಪೊಗದಿಯ ಬದಲು ಪಾರ್ಲಿಮೆಂಟು ಒಪ್ಪುವ ಆಯವ್ಯಯ ಬಂದಿತು. ಈ ಬದಲಾವಣೆಯನ್ನು ಸಣ್ಣದೆಂದು ಎಣಿಸಲಾಗದು. ಆದರೂ ನಮ್ಮ ಮೂರು ಪ್ರಶ್ನೆಗಳು ಇದರಿಂದ ತೀರಿಹೋಗಲಿಲ್ಲ. ಉತ್ತರ ಹೇಳಬೇಕಾದವರು ಮಾತ್ರ ಬದಲಾದರು.

ದುಡಿಮೆಯ ದೃಷ್ಟಿಯಿಂದ ನಾಡಿಗೆ ದೊಡ್ಡ ಪ್ರಯೋಜನವಾಯಿತೆಂಬುದನ್ನು ಒಪ್ಪಲೇಬೇಕು. ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆ, ೧೯೬೪ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಆಯಿತು. ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿ ಸ್ಥಾಪಿತವಾಯಿತು. ಹಿಂದೆ ದಂಡಿಗೆ ಹುಲ್ಲು ಹೊತ್ತು ತಂದವರ ಊರಿನಲ್ಲಿ ಈಗ ಯಂತ್ರ ನಡೆಸುವ ಕುಶಲಿಗಳ ವರ್ಗವೊಂದು ಬೆಳೆಯಿತು. ಖಾಯಂ ಸಂಬಳ, ವಸತಿ, ಮಕ್ಕಳಿಗೆ ಶಾಲೆ, ನಿವೃತ್ತಿಯ ಭದ್ರತೆ ಇವು ಸಾವಿರಾರು ಕುಟುಂಬಗಳಿಗೆ ದೊರೆತವು.

ವೆಚ್ಚವೂ ಅದಕ್ಕೆ ತಕ್ಕಂತೆ ಬೆಳೆದಿದೆ. ೨೦೨೩-೨೪ರ ಕೇಂದ್ರ ಆಯವ್ಯಯದಲ್ಲಿ ರಕ್ಷಣಾ ಶಾಖೆಗೆ ತೆಗೆದಿರಿಸಿದ್ದು ಸುಮಾರು ೫.೯೪ ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸುಮಾರು ೧.೩೮ ಲಕ್ಷ ಕೋಟಿ ನಿವೃತ್ತಿವೇತನಕ್ಕೆ. ಈ ಹಣ ಹಳ್ಳಿಹಳ್ಳಿಗಳಲ್ಲಿರುವ ಮಾಜಿ ಸೈನಿಕರ ಮನೆಗಳನ್ನು ಮುಟ್ಟುತ್ತದೆ. ಸೈನ್ಯದ ಆರ್ಥಿಕ ವ್ಯಾಪ್ತಿ ದಂಡಿನ ಬೇಲಿಯೊಳಗೆ ನಿಲ್ಲುವುದಿಲ್ಲ. ಸಿಪಾಯಿಗಳನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಂಡು ಕಾಲುಭಾಗದವರನ್ನು ಮಾತ್ರ ಉಳಿಸಿಕೊಳ್ಳುವ ೨೦೨೨ರ ಅಗ್ನಿಪಥ ಯೋಜನೆಯ ಪರಿಣಾಮವನ್ನು ಆ ಮನೆಗಳ ಕಡೆಯಿಂದಲೂ ಅಳೆಯಬೇಕು.

ನೆಲದ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. ರಕ್ಷಣಾ ಶಾಖೆಯ ವಶದಲ್ಲಿ ದೇಶದಾದ್ಯಂತ ೧೭ ಲಕ್ಷ ಎಕರೆಗೂ ಮೀರಿದ ಭೂಮಿಯಿದೆ. ಇದರಲ್ಲಿ ಬಹಳಷ್ಟು ಆಂಗ್ಲರ ಕಾಲದ ಬಳುವಳಿ. ಕೆಲವು ನೆಲೆಗಳು ಮಾತ್ರ ನಮ್ಮ ಕಾಲದವು. ಕಾರವಾರದ ನೌಕಾನೆಲೆ ಅಂಥದು. ೧೯೮೬ರಲ್ಲಿ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಅದಕ್ಕೆ ಅಸ್ತಿಭಾರ ಹಾಕಿದರು; ೨೦೦೫ರಲ್ಲಿ ಅದು ಸೇವೆಗೆ ಸಮರ್ಪಿತವಾಯಿತು. ಪಶ್ಚಿಮ ತೀರದ ರಕ್ಷಣೆಗೆ ಮುಂಬಯಿಯೊಂದನ್ನೇ ನೆಚ್ಚಿಕೊಂಡಿರುವುದು ವಿವೇಕವಲ್ಲವೆಂಬ ವಾದದಲ್ಲಿ ಹುರುಳಿತ್ತು. ಆದರೆ ಕಾರವಾರ ಮತ್ತು ಅಂಕೋಲಾ ತೀರದ ನಾಲ್ಕು ಸಾವಿರದಷ್ಟು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ದಂಡೆಗಳನ್ನು ಬಿಟ್ಟು ಏಳಬೇಕಾಯಿತು. ಪರಿಹಾರದ ವ್ಯಾಜ್ಯಗಳು ದಶಕಗಳವರೆಗೆ ನಡೆದವು. ಬನವಾಸಿಯ ಕದಂಬರ ಹೆಸರನ್ನು ಆ ನೆಲೆಗೆ ಇಟ್ಟದ್ದು ಕನ್ನಡಿಗರಿಗೆ ಸಂತೋಷದ ವಿಷಯ. ಹೆಸರಿನ ಗೌರವ ಒಕ್ಕಲೆದ್ದವರ ಋಣವನ್ನು ತೀರಿಸಲಾರದು.

ಮುಮ್ಮಡಿಯವರ ಕಾಲದ ರೈತನನ್ನು ಯಾರೂ ಕೇಳಲಿಲ್ಲ; ಕೇಳಬೇಕೆಂಬ ನಿಯಮವೂ ಇರಲಿಲ್ಲ. ಸ್ವತಂತ್ರ ರಾಷ್ಟ್ರದ ಸೈನ್ಯ ಪ್ರಜೆಗಳ ಸೈನ್ಯವಾದ್ದರಿಂದ ಅದರ ಲೆಕ್ಕ ಬೇರೆಯಾಗಿರಬೇಕು. ಪೊಗದಿಯ ಕಡತ, ದಂಡಿನ ಸಂಬಳಪಟ್ಟಿ, ಗುತ್ತಿಗೆದಾರರ ದಾಖಲೆ, ಭೂಸ್ವಾಧೀನದ ಪಹಣಿ ಇವನ್ನು ಯುದ್ಧವರದಿಗಳಷ್ಟೇ ಶ್ರದ್ಧೆಯಿಂದ ಓದುವ ಸಂಶೋಧಕರು ನಮ್ಮಲ್ಲಿ ಹೆಚ್ಚಬೇಕು. ಕಾರವಾರದ ತೀರದಲ್ಲಿ ಮನೆ ಬಿಟ್ಟು ಎದ್ದ ತಲೆಮಾರಿನವರು ಈಗ ವೃದ್ಧರಾಗಿದ್ದಾರೆ. ಅವರ ಹೇಳಿಕೆಗಳನ್ನು ಬರೆದಿಡುವ ಕೆಲಸ ಇನ್ನು ತಡವಾಗುವಂತಿಲ್ಲ.