ವಿರಾಜಪೇಟೆಯಲ್ಲಿ ಸ್ಥಳ ಸಿಕ್ಕಿದ ಬಗೆ



ಕ್ರಿಸ್ತಜಯಂತಿಯ ರಾತ್ರಿಪೂಜೆಯಲ್ಲಿ ನಾವು ಪ್ರತಿವರ್ಷ ಕೇಳುವ ಲೂಕನ ಶುಭಸಂದೇಶ ಒಂದು ಬಗೆಯ ಭೂಗೋಳ ಪಾಠದಿಂದಲೇ ಆರಂಭವಾಗುತ್ತದೆ. ಅಗಸ್ತ ಚಕ್ರವರ್ತಿ ಜನಗಣತಿಗೆ ಆಜ್ಞೆ ಹೊರಡಿಸುತ್ತಾನೆ. ಸಿರಿಯಾದ ರಾಜ್ಯಪಾಲ ಯಾರೆಂದು ಹೇಳಲಾಗುತ್ತದೆ. ಜೋಸೆಫರು ಗಲಿಲೇಯ ಪ್ರಾಂತ್ಯದ ನಜರೇತಿನಿಂದ ಜುದೇಯದ ಬೆತ್ಲೆಹೇಮಿಗೆ ಹೊರಡುತ್ತಾರೆ. ಊರು, ಪ್ರಾಂತ್ಯ, ಸಾಮ್ರಾಜ್ಯ ಮೂರೂ ಕೆಲವೇ ವಾಕ್ಯಗಳಲ್ಲಿ ಬಂದುಬಿಡುತ್ತವೆ. ಕೊನೆಗೆ, ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ ಎಂಬ ಸುದ್ದಿ. ನಮ್ಮ ಕನ್ನಡದಲ್ಲಿ 'ಸ್ಥಳ' ಎಂಬ ಒಂದೇ ಪದಕ್ಕೆ ಭೂಪಟದ ಮೇಲಿನ ಗುರುತು ಎಂಬ ಅರ್ಥವೂ ಇದೆ, ಮನುಷ್ಯನೊಬ್ಬ ಕಾಲು ಚಾಚಿ ಮಲಗಲು ಬೇಕಾದ ಜಾಗ ಎಂಬ ಅರ್ಥವೂ ಇದೆ. ಈ ಎರಡು ಅರ್ಥಗಳನ್ನೂ ಕೈಯಲ್ಲಿಟ್ಟುಕೊಂಡು ಕೊಡಗಿನ ಕಥೋಲಿಕ ಸಭೆಯ ಚರಿತ್ರೆಯನ್ನು ಈ ಹಬ್ಬದ ದಿನಗಳಲ್ಲಿ ಸ್ವಲ್ಪ ನೋಡೋಣ.

ವಿರಾಜಪೇಟೆ ಎಲ್ಲಿದೆ ಎಂದು ಕೇಳಿದರೆ ಶಾಲೆಯ ಮಕ್ಕಳು ಅಟ್ಲಾಸ್ ತೆರೆದು, 12 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಸ್ವಲ್ಪ ಮೇಲೆ, 76 ಡಿಗ್ರಿ ಪೂರ್ವ ರೇಖಾಂಶಕ್ಕಿಂತ ಸ್ವಲ್ಪ ಈಚೆ ಎನ್ನುತ್ತಾರೆ. ಉತ್ತರ ಸರಿ. ಆದರೆ ಅಲ್ಲೇ ಒಂದು ಪೇಟೆ ಏಕೆ ಹುಟ್ಟಿತು ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ. ಅದಕ್ಕೆ ದಾರಿಗಳನ್ನು ನೋಡಬೇಕು. ಕಣ್ಣೂರಿನ ಕಡಲತೀರದಿಂದ ಮಾಕುಟ್ಟ, ಪೆರುಂಬಾಡಿಯ ಘಟ್ಟ ಹತ್ತಿ ಮೈಸೂರಿನ ಬಯಲಿಗೆ ಹೋಗುವ ದಾರಿಯಲ್ಲಿ, ಏರು ಮುಗಿದು ಉಸಿರು ಬಿಡುವ ಕಡೆ ವಿರಾಜಪೇಟೆ ಇದೆ. ಮೂರನೇ ಮೈಸೂರು ಯುದ್ಧದಲ್ಲಿ, ಅಂದರೆ 1791ರಲ್ಲಿ, ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಕಣ್ಣೂರಿನ ಕಡೆಯಿಂದಲೇ ಕೊಡಗಿಗೆ ಹತ್ತಿತು. ದೊಡ್ಡ ವೀರರಾಜೇಂದ್ರ ಅವನನ್ನು ಭೇಟಿಯಾದ. ಆ ಭೇಟಿಯ ನೆನಪಿಗೆ 1792ರಲ್ಲಿ ವೀರರಾಜೇಂದ್ರಪೇಟೆಯನ್ನು ಕಟ್ಟಿಸಿದ. ಹೆಸರು ಜನರ ಬಾಯಲ್ಲಿ ಸವೆದು ವಿರಾಜಪೇಟೆ ಆಯಿತು.

ಅದೇ 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ಹೆಸರಿನಲ್ಲಿ ನಮ್ಮ ದೇವಾಲಯವೂ ಆರಂಭವಾಯಿತು. ಇದು ಆಕಸ್ಮಿಕವಲ್ಲ. 1784ರ ವಿಭೂತಿ ಬುಧವಾರ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳಿಗೆ ದೊಡ್ಡ ವೀರರಾಜೇಂದ್ರ ತನ್ನ ಹೊಸ ಪೇಟೆಯಲ್ಲಿ ನೆಲ ಕೊಟ್ಟ, ಪೂಜೆಗೆ ಅನುಕೂಲ ಮಾಡಿಕೊಟ್ಟ. ಲಿಂಗಾಯತ ರಾಜ, ಕೊಡವರ ನಾಡು, ಕೊಂಕಣಿ ಮಾತನಾಡುವ ಪರದೇಶಿಗಳು. ಆದರೂ ಸ್ಥಳ ಸಿಕ್ಕಿತು. ಏಕೆ?

ರಾಜನಿಗೆ ಹೊಸ ಪೇಟೆಗೆ ಜನ ಬೇಕಿದ್ದರು, ನಿಜ. ಆದರೆ ಆತ ಸ್ವತಃ ಟಿಪ್ಪುವಿನ ಸೆರೆಯಲ್ಲಿದ್ದು, 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು ಎಂಬುದನ್ನು ಮರೆಯಬಾರದು. ಅವನ ಪ್ರಜೆಗಳಾದ ಕೊಡವರನ್ನೂ 1785ರಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಗಿತ್ತು. ಅಂದರೆ ಕರಾವಳಿಯ ನಮ್ಮ ಹಿರಿಯರೂ ಕೊಡಗಿನ ಮನೆತನಗಳೂ ಒಂದೇ ಊರಿನಲ್ಲಿ ಸೆರೆಯ ಅನ್ನ ಉಂಡವರು. ಈ ಚರಿತ್ರೆಯನ್ನು ಇಂದಿನ ಜಗಳಗಳ ಒಲೆಗೆ ಸೌದೆಯಾಗಿ ಒಟ್ಟುವವರಿದ್ದಾರೆ. ನಮಗೆ ಅದರಲ್ಲಿ ಆಸಕ್ತಿಯಿಲ್ಲ. ಓಡಿಬಂದವನ ಕಷ್ಟ ಓಡಿಬಂದ ಇನ್ನೊಬ್ಬನಿಗೆ ಅರ್ಥವಾಯಿತು ಎಂಬಷ್ಟನ್ನೇ ನಾವು ಇಲ್ಲಿ ಗಮನಿಸುತ್ತೇವೆ.

ಇನ್ನು ಪ್ರದೇಶದ ಮಾತು. ಕೊಡಗಿನಲ್ಲಿ ಪ್ರದೇಶವೆಂದರೆ ನಾಡು. 12 ಕೊಂಬು, 35 ನಾಡು ಎಂಬುದು ಹಳೆಯ ಲೆಕ್ಕ. ಒಕ್ಕದ ಐನ್‌ಮನೆ, ಹಲವು ಒಕ್ಕಗಳು ಸೇರಿ ಊರು, ಊರುಗಳು ಸೇರಿ ನಾಡು. ಎಲ್ಲೆಗೆ ಕಾಗದ ಬೇಕಿರಲಿಲ್ಲ. ಕಡಂಗಗಳಿದ್ದವು. ಕಾಡುಗುಡ್ಡಗಳ ನಡುವೆ ಮೈಲಿಗಟ್ಟಲೆ ತೋಡಿದ ಈ ಆಳವಾದ ಕಂದಕಗಳು ಯುದ್ಧಕ್ಕೂ ಆಗುತ್ತಿದ್ದವು, ಗಡಿಗೂ ಆಗುತ್ತಿದ್ದವು. ವಿರಾಜಪೇಟೆಗೆ ಸಮೀಪದ ಒಂದು ಊರಿಗೆ ಇವತ್ತಿಗೂ ಕಡಂಗ ಎಂದೇ ಹೆಸರು. ಕಾಗದದ ಮೇಲಿನ ಅಳತೆ ಬಂದದ್ದು ಆಮೇಲೆ. ಲಿಂಗರಾಜನ ಕಾಲದಲ್ಲಿ ಲೆಫ್ಟಿನೆಂಟ್ ಕಾನರ್ ಎಂಬ ಕಂಪನಿಯ ಅಧಿಕಾರಿ ಸರ್ವೆ ನಡೆಸಿ 1817ರಲ್ಲಿ ಮುಗಿಸಿದ. ಅದಾಗಿ 17 ವರ್ಷಕ್ಕೆ, 1834ರಲ್ಲಿ, ಕಂಪನಿ ಕೊಡಗನ್ನೇ ವಶಪಡಿಸಿಕೊಂಡಿತು. ನಕ್ಷೆ ಬರೆಯುವವರು ಬಂದಾಗ ನೆಲದವರು ಕೊಂಚ ಎಚ್ಚರವಾಗಿರುವುದು ಒಳ್ಳೆಯದೇನೋ! ಘಟ್ಟದ ಕೆಳಗಿನ ಸುಳ್ಯದ ಭಾಗವನ್ನು ಆಗಲೇ ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದರು. ಸಂಪಾಜೆ ಎಂಬ ಒಂದೇ ಹೆಸರು ಇಂದು ಎರಡು ಜಿಲ್ಲೆಗಳಲ್ಲಿ ಇರುವುದನ್ನು ಬಸ್ಸಿನಲ್ಲಿ ಮಂಗಳೂರಿಗೆ ಹೋಗುವ ನಮ್ಮವರೆಲ್ಲ ಕಂಡಿದ್ದಾರೆ.

ಧರ್ಮಸಭೆಯ ಭೂಪಟ ಸರ್ಕಾರದ ಭೂಪಟದ ಹಿಂದೆ ಹೋಗಲಿಲ್ಲ. 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾದಾಗ ಮೈಸೂರು ಸಂಸ್ಥಾನದ ಜೊತೆಗೆ ಕೊಡಗು, ವಯನಾಡಿನ ಒಂದು ಭಾಗ, ಹೊಸೂರು, ಕೊಳ್ಳೇಗಾಲ ಅದರೊಳಗಿದ್ದವು. ಸರ್ಕಾರದ ಲೆಕ್ಕದಲ್ಲಿ ಕೊಡಗು ಆಗ ಬೇರೆಯೇ ಪ್ರಾಂತ್ಯ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ವಿರಾಜಪೇಟೆಯ ಭಕ್ತರಿಗೆ ಮೈಸೂರು ಅದಕ್ಕೆ 70 ವರ್ಷ ಮೊದಲೇ ತಮ್ಮ ಧರ್ಮಕ್ಷೇತ್ರದ ಹೆಸರಾಗಿತ್ತು. ಆಮೇಲೆ ಧರ್ಮಕ್ಷೇತ್ರವೂ ಹರಿದು ಹಂಚಿಹೋಯಿತು: 1940ರಲ್ಲಿ ಬೆಂಗಳೂರು, 1955ರಲ್ಲಿ ಊಟಿ, 1963ರಲ್ಲಿ ಚಿಕ್ಕಮಗಳೂರು. ಕೊಡಗು ಮಾತ್ರ ಮೈಸೂರಿನ ಜೊತೆಗೇ ಉಳಿಯಿತು.

ಗೆರೆಗಳು ಹೀಗೆ ಸರಿದಾಡುತ್ತಿರುವಾಗ ಜನರೂ ಸರಿದಾಡಿದರು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ ಮೇಲೆ ಕೂಲಿಗಾಗಿ ಮಲಬಾರಿನಿಂದ, ತಮಿಳು ಸೀಮೆಯಿಂದ, ಮೈಸೂರಿನ ಬಯಲಿನಿಂದ ಜನ ಘಟ್ಟ ಹತ್ತಿದರು. ಮಡಿಕೇರಿಯ ಸಂತ ಮಿಕೇಲರ ದೇವಾಲಯ, ಸುಂಟಿಕೊಪ್ಪದ ಸಂತ ಅಂತೋಣಿಯವರ ದೇವಾಲಯ, ಸೋಮವಾರಪೇಟೆಯ ಜಯವೀರಮಾತೆ ದೇವಾಲಯ, ಯಾವುದರ ಅಂಗಳದಲ್ಲಿ ನಿಂತರೂ ಪೂಜೆ ಬಿಟ್ಟ ಮೇಲೆ ಕೊಂಕಣಿ, ಮಲಯಾಳಂ, ತಮಿಳು, ಕನ್ನಡ ಒಟ್ಟಿಗೆ ಕೇಳಿಸುತ್ತವೆ. ಇದು ನಮ್ಮ ಪ್ರದೇಶದ ನಿಜವಾದ ಭೂಪಟ, ಕಿವಿಯಿಂದ ಓದುವಂಥದ್ದು. ನೆಲ ಕೂಡ ಸುಮ್ಮನಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆ ಕಳೆದುಕೊಂಡ ಕುಟುಂಬಗಳಿಗೆ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಹೊಸ ಮನೆಗಳಾದವು. ವಿಳಾಸ ಬದಲಾಯಿತು. ಅವರ ಊರು ಯಾವುದೆಂದು ಕೇಳಿದರೆ ಹಳೆಯ ಹೆಸರೇ ಬರುತ್ತದೆ.

ಈಗ ಡಿಸೆಂಬರ್. ಕಾಫಿ ಕುಯ್ಯುವ ಕಾಲ. ತೋಟದ ಲೈನ್ ಮನೆಗಳಲ್ಲಿ ಈ ದಿನಗಳಲ್ಲಿ ಅಸ್ಸಾಮಿನವರು, ಜಾರ್ಖಂಡದವರು ಇರುತ್ತಾರೆ. ಅವರಲ್ಲಿ ಕ್ರೈಸ್ತರೂ ಉಂಟು. ಹಬ್ಬದ ಪೂಜೆಗೆ ಬಂದರೂ ದೇವಾಲಯದ ಹಿಂದಿನ ಸಾಲಿನಲ್ಲಿ ನಿಂತು ಹೊರಟುಹೋಗುತ್ತಾರೆ. ಅವರು ನಮ್ಮ ಧರ್ಮಕೇಂದ್ರದವರಲ್ಲವಲ್ಲ, ಹೊರಗಿನವರು ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಧರ್ಮಸಭೆಯ ಕಾನೂನು ಇಲ್ಲಿ ನಮಗಿಂತ ಉದಾರವಾಗಿದೆ. 1983ರ ಕಾನೂನು ಸಂಹಿತೆಯ 518ನೇ ನಿಯಮದಂತೆ ಧರ್ಮಕೇಂದ್ರವೆಂದರೆ ಸಾಮಾನ್ಯವಾಗಿ ಒಂದು ಗಡಿಯೊಳಗೆ ಇರುವ ಎಲ್ಲ ಭಕ್ತರು. ಭಾಷೆಯ ಮಾತು ಅಲ್ಲಿ ಆಮೇಲಿನದು. 102ನೇ ನಿಯಮದಂತೆ, ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಬಂದು ನೆಲೆಸಿದವರು, ಅಥವಾ ಮೂರು ತಿಂಗಳು ಇದ್ದುಬಿಟ್ಟವರು, ಅಲ್ಲಿನ ತಾತ್ಕಾಲಿಕ ನಿವಾಸಿಗಳು. 107ನೇ ನಿಯಮ ಅಂಥವರಿಗೆ ಅಲ್ಲಿನ ಧರ್ಮಕೇಂದ್ರದ ಗುರುವೇ ಸ್ವಂತ ಗುರು ಎನ್ನುತ್ತದೆ. ಎಲ್ಲಿಯೂ ನೆಲೆಯಿಲ್ಲದೆ ಅಲೆಯುವವನಿಗೂ, ಅವನು ಸದ್ಯ ಇರುವ ಊರಿನ ಗುರುವೇ ಗುರು.

ಅರೇಬಿಕಾ ಮುಗಿದು ರೊಬಸ್ಟಾ ಕುಯ್ಲು ಕೊನೆಯಾಗುವುದು ಮಾರ್ಚ್ ಹೊತ್ತಿಗೆ. ಡಿಸೆಂಬರಿನಿಂದ ಎಣಿಸಿದರೆ ಮೂರು ತಿಂಗಳು ದಾಟುತ್ತದೆ.