ಅರಣ್ಯಶಾಸ್ತ್ರದ ವಿದೇಶಿ ಸಂಶೋಧನಾರ್ಥಿ: ವಿಧಾನ ಮತ್ತು ಕ್ಷೇತ್ರದ ಪ್ರಶ್ನೆ

ಅರಣ್ಯಶಾಸ್ತ್ರವನ್ನು ಪರದೇಶದಲ್ಲಿ ಕಲಿಯುವ ಪರಿಪಾಠ ಹಳೆಯದು. 1864ರಲ್ಲಿ ಭಾರತದ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಸ್ವತಃ ಜರ್ಮನಿಯವನು. ಬ್ರಿಟನ್ನಿನಲ್ಲಿ ಆಗ ಅರಣ್ಯ ಶಾಲೆ ಇರಲಿಲ್ಲ. ಹೀಗಾಗಿ ಭಾರತದ ಸೇವೆಗೆ ಆಯ್ಕೆಯಾದ ಯುವಕರು ಜರ್ಮನಿಗೂ, 1824ರಲ್ಲಿ ಸ್ಥಾಪನೆಗೊಂಡಿದ್ದ ಫ್ರಾನ್ಸಿನ ನ್ಯಾನ್ಸಿ ಶಾಲೆಗೂ ಹೋದರು. ಈ ಶಿಕ್ಷಣ 1885ರಲ್ಲಿ ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿಗೆ, 1905ರಲ್ಲಿ ಆಕ್ಸ್‌ಫರ್ಡ್‌ಗೆ ಬಂತು. ಅಲ್ಲಿ 1924ರಲ್ಲಿ ಇಂಪೀರಿಯಲ್ ಫಾರೆಸ್ಟ್ರಿ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಕಲಿಯುವ ಜಾಗ ಒಂದು, ದುಡಿಯುವ ಕಾಡು ಇನ್ನೊಂದು ಎಂಬ ಅಂತರ ಮಾತ್ರ ಹಾಗೆಯೇ ಉಳಿಯಿತು. ಇಂದಿನ ಸ್ನಾತಕೋತ್ತರ ಸಂಶೋಧನೆಯ ಮೂಲ ಸಮಸ್ಯೆಯೂ ಇದೇ.

ಯುರೋಪಿನಿಂದ ಬಂದ ಮುಖ್ಯ ಪರಿಕಲ್ಪನೆ ‘ಪ್ರಮಾಣಿತ ಅರಣ್ಯ’. ಮರಗಳ ವಯಸ್ಸು ಗೊತ್ತಿದ್ದರೆ ಎಲ್ಲ ವಯೋವರ್ಗಗಳಿಗೂ ಸಮಪಾಲು ನೆಲ ಹಂಚಿ, ಬೆಳೆದಷ್ಟನ್ನೇ ಕಡಿಯಬಹುದು ಎಂಬುದು ಅದರ ಲೆಕ್ಕ. ಮಳೆ-ಬೇಸಿಗೆಗಳ ಕಟ್ಟಿಗೆ ಒಳಪಟ್ಟ ತೇಗದಲ್ಲಿ ವಾರ್ಷಿಕ ಉಂಗುರಗಳು ಮೂಡುತ್ತವೆ. ಆದರೆ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಅನೇಕ ಜಾತಿಗಳಲ್ಲಿ ಅವು ಸ್ಪಷ್ಟವಾಗಿರುವುದಿಲ್ಲ. ಅಲ್ಲಿ ವಯಸ್ಸಿನ ಲೆಕ್ಕ ಕೈಕೊಡುತ್ತದೆ. ಗುರುತು ಹಾಕಿದ ಮರದ ಸುತ್ತಳತೆಯನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಅಳೆಯಬೇಕು.

ಇಂಥ ಅಳತೆಗೆ ಮೂರು-ನಾಲ್ಕು ವರ್ಷಗಳ ಪಿಎಚ್.ಡಿ. ಸಾಲದು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ 1988ರಲ್ಲಿ ಮುದುಮಲೈಯಲ್ಲಿ ರೂಪಿಸಿದ 50 ಹೆಕ್ಟೇರಿನ ಶಾಶ್ವತ ಕ್ಷೇತ್ರದ ಬೆಲೆ ಇಲ್ಲಿ ತಿಳಿಯುತ್ತದೆ. ಎದೆಮಟ್ಟದಲ್ಲಿ 1 ಸೆಂ.ಮೀ. ದಪ್ಪವಿರುವ ಕಾಂಡದಿಂದ ಹಿಡಿದು ಎಲ್ಲವನ್ನೂ ಅಲ್ಲಿ ಗುರುತಿಸಿ ಅಳೆಯುತ್ತಾರೆ. ಹೊಸ ಸಂಶೋಧಕ ತನಗಿಂತ ಹಿರಿದಾದ ದತ್ತಾಂಶದ ಮೇಲೆ ನಿಂತು ಪ್ರಶ್ನೆ ಕೇಳಬಹುದು.

ವಿಧಾನವನ್ನೂ ಕ್ಷೇತ್ರವನ್ನೂ ಬೆಸೆಯುವ ಒಂದು ಮಾದರಿ ನೆದರ್ಲೆಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದ ‘ಸ್ಯಾಂಡ್‌ವಿಚ್’ ಪಿಎಚ್.ಡಿ. ವಿದ್ಯಾರ್ಥಿ ಆರಂಭದಲ್ಲೂ ಕೊನೆಯಲ್ಲೂ ಅಲ್ಲಿರುತ್ತಾನೆ. ನಡುವಿನ ಕ್ಷೇತ್ರಕಾರ್ಯ ತಾಯ್ನಾಡಿನಲ್ಲಿ ನಡೆಯುತ್ತದೆ.

ಆದರೆ ತಾಯ್ನಾಡೆಂದ ಮಾತ್ರಕ್ಕೆ ದಾರಿ ಸಲೀಸಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯ 3ನೇ ಕಲಮಿನ ಪ್ರಕಾರ ಭಾರತದ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಪಡೆಯಲು ವಿದೇಶಿಯರಿಗೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಆದಾಯ ತೆರಿಗೆ ಕಾಯ್ದೆಯಂತೆ ಅನಿವಾಸಿಯಾದ ಭಾರತೀಯ ಪ್ರಜೆಗೂ ಇದೇ ನಿಯಮ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗ ಸಂಶೋಧಕ ಕೊಡಗಿನ ಮರದ ಮಾದರಿ ಬಯಸಿದರೂ ಈ ಕಲಮಿನ ವ್ಯಾಪ್ತಿಗೆ ಬರಬಹುದು. ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಈ ಕೆಲಸಗಳಿಗೆ ತಗಲುವ ಕಾಲವನ್ನು ಸಂಶೋಧನಾ ಪ್ರಸ್ತಾವದಲ್ಲೇ ಎಣಿಸಿಕೊಳ್ಳಬೇಕು.

ಆದ್ದರಿಂದ ವಿದೇಶಕ್ಕೆ ಹೊರಡುವ ಅಭ್ಯರ್ಥಿ ಮೊದಲು ಕಾಡನ್ನೂ ಪ್ರಶ್ನೆಯನ್ನೂ ನಿಶ್ಚಯಿಸಿಕೊಂಡು, ಅದಕ್ಕೆ ಒದಗುವ ವಿಧಾನ ಯಾವ ವಿಶ್ವವಿದ್ಯಾಲಯದಲ್ಲಿದೆಯೆಂದು ಆಮೇಲೆ ಹುಡುಕುವುದು ಯುಕ್ತ. ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳ ಅಧ್ಯಾಪಕರನ್ನು ಸಹಮಾರ್ಗದರ್ಶಕರನ್ನಾಗಿ ಪಡೆಯುವ ವ್ಯವಸ್ಥೆಯೂ ಬೆಳೆಯಬೇಕು. ಸಂಶೋಧಕ ಪದವಿ ಪಡೆದು ಹೊರಟ ಮೇಲೂ ಅಳತೆ ಮುಂದುವರಿಸುವವರು ಸ್ಥಳೀಯರೇ.